ಅವ್ವನ ಕಲಸುಮೇಲೋಗರ

ಹಿರೇಕೆರೂರು
11 ಫೆಬ್ರುವರಿ 2024

ಅಣ್ಣನಿಗೆ ಶೀಲಾಳ ಶರಣು.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ ಎಂದು ಕಾಗದ ಶುರುಮಾಡುವುದನ್ನು ನನಗೆ ಕಲಿಸಿದವನು ನೀನೇ. ಈ ಸಲ ಅದನ್ನು ಬಿಟ್ಟಿದ್ದೇನೆ. ನಿನ್ನ ಫೋನಿನಲ್ಲಿ ನನ್ನ ನಂಬರು ಬ್ಲಾಕ್ ಆಗಿದೆ ಎಂದು ವೈನಿಯವರೇ ಹೇಳಿದರು. ಅವ್ವನ ಮಣ್ಣಿನ ದಿನ ನಾನು ಆಡಿದ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದಾಯಿತು. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಅದಕ್ಕೆ ಈ ಕಾಗದ. ಅಂಗನವಾಡಿಯ ಮಕ್ಕಳು ಉಂಡು ಮಲಗಿದ್ದಾವೆ. ಅವು ಏಳುವುದರೊಳಗೆ ಮುಗಿಸಬೇಕು.

ಹಾಡಿನ ನೋಟುಬುಕ್ಕು ಬೇಕೆಂದು ನಿನ್ನ ಮಗ ಚನ್ನೇಶನ ಕೈಯಲ್ಲಿ ಹೇಳಿಕಳಿಸಿದ್ದೀ. ಅವ್ವನ ವರ್ಷದ ಪುಣ್ಯಸ್ಮರಣೆಗೆ ಅವಳ ಹಾಡುಗಳನ್ನು ಪುಸ್ತಕ ಮಾಡುತ್ತೀಯಂತೆ. ಒಳ್ಳೆಯದು. ಬದುಕಿದ್ದಾಗ ಬಾಯಿ ಮುಚ್ಚಿಸಿ, ಸತ್ತ ಮೇಲೆ ಅಚ್ಚು ಹಾಕಿಸುವುದು. ಅವ್ವನ ಬಾಯಿ ಮುಚ್ಚಿಸಿದವನು ನೀನು ಎಂದೇ ಅವತ್ತು ನಾನು ಹೇಳಿದ್ದು, ಮತ್ತೆ ಹೇಳುತ್ತಿದ್ದೇನೆ.

ಆ ನೋಟುಬುಕ್ಕನ್ನು ನಾನು ಆರನೆಯ ಇಯತ್ತೆಯಲ್ಲಿದ್ದಾಗ ಬರೆದೆ. ನೀನಾಗ ಕಲಿಯಲು ಹೊರಗಿದ್ದೆ. ಸವಣೂರಿನ ಮನೆಯಲ್ಲಿ ಬೀಸುಕಲ್ಲಿನ ಈಚೆ ಅವ್ವ, ಆಚೆ ಗೋಡೆಯಾಚೆಯ ಮನೆಯ ಮಾಹೀರಾ ಚಿಗವ್ವ. ಒಂದೇ ಗೂಟಕ್ಕೆ ನಾಲ್ಕು ಕೈ. ನಾನು ಹಿಟ್ಟಿನ ಧೂಳಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ. ವೀಳ್ಯದೆಲೆ ಮಾರಿ ಬಂದ ಅಪ್ಪ ಒಂದು ನೀಲಿ, ಒಂದು ಕೆಂಪು ಪೆನ್ನು ತಂದುಕೊಟ್ಟಿದ್ದ. ಆ ನೋಟುಬುಕ್ಕಿನ ಬೇರೆ ನಕಲು ಇಲ್ಲ.

ಕೊಡುತ್ತೇನೆ. ಆದರೆ ಪುಸ್ತಕದಲ್ಲಿ ಮಾಹೀರಾ ಚಿಗವ್ವನ ಹೆಸರು ಇರಬೇಕು. ಅವಳಿಗೆ ಎಂಬತ್ತಾಗಿದೆ, ಕಣ್ಣು ಪೂರ್ತಿ ಹೋಗಿವೆ. ಮಗ ಅಫ್ಜಲ ನೋಡಿಕೊಳ್ಳುತ್ತಾನೆ. ಬಿಡುಗಡೆಯ ದಿನ ಅವಳನ್ನು ಕರೆಸಿ ಎದುರಿನ ಸಾಲಿನಲ್ಲಿ ಕೂರಿಸು. ನನ್ನದು ಇದೊಂದೇ ಬೇಡಿಕೆ.

ನಿನ್ನ ತಂಗಿ
ಶೀಲಾ

*

ಹಾನಗಲ್
3 ಮಾರ್ಚ್ 2024

ಚಿ. ಸೌ. ಶೀಲಾಳಿಗೆ ಆಶೀರ್ವಾದಗಳು.

ನೋಟುಬುಕ್ಕು ತಲುಪಿತು. ನಿನ್ನ ಕಾಗದದಲ್ಲಿ ಒಂಬತ್ತು ಕಾಗುಣಿತದ ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇದರೊಡನೆ ವಾಪಸು ಕಳಿಸಿದ್ದೇನೆ. ಮೂವತ್ತಾರು ವರ್ಷ ಕನ್ನಡ ಕಲಿಸಿದವನಿಗೆ ಕೈ ಸುಮ್ಮನಿರುವುದಿಲ್ಲ.

ಒಟ್ಟು ನೂರಾಹನ್ನೆರಡು ಹಾಡುಗಳಿವೆ. ಬೀಸುವ ಪದ, ಸೋಬಾನೆ, ಲಾಲಿ ಇವುಗಳಲ್ಲಿ ಅರವತ್ತನ್ನು ಆರಿಸುತ್ತೇನೆ. ಮೊಹರಮ್ಮಿನ ಪದಗಳು ಬರುವುದಿಲ್ಲ. ಸಿನೆಮಾ ಧಾಟಿಯವೂ ಬರುವುದಿಲ್ಲ. ಮಠದವರು ಪ್ರಕಟಿಸುತ್ತಿದ್ದಾರೆ, ಶ್ರೀಗಳು ಬಿಡುಗಡೆ ಮಾಡುತ್ತಾರೆ. ಸಂದರ್ಭ ನೋಡಬೇಕಾಗುತ್ತದೆ.

ಬೆನ್ನುಪುಟಕ್ಕೆ ನಮ್ಮ ಕಿರಿಮಗಳು ಅಂಕಿತಾ ನಾಲ್ಕು ಮಾತು ಬರೆದಿದ್ದಾಳೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡುವ ಹುಡುಗಿ, ಅಜ್ಜಿಯ ಅಭಿರುಚಿ 'ಎಕ್ಲೆಕ್ಟಿಕ್' ಎಂದು ಬರೆದಳು. "ಕನ್ನಡದಾಗ ಹೇಳವಾ" ಅಂದೆ. ಅವಳಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ನಿಘಂಟು ತೆಗೆದೆ. ಗ್ರೀಕ್ ಮೂಲದ ಶಬ್ದ, 'ಆರಿಸಿ ತೆಗೆ' ಎಂಬ ಧಾತುವಿನಿಂದ ಬಂದದ್ದು. ಯಾವ ಒಂದು ಪಂಥಕ್ಕೂ ಕಟ್ಟುಬೀಳದೆ, ಎಲ್ಲದರಲ್ಲಿಯೂ ಸರಿ ಕಂಡದ್ದನ್ನು ಆರಿಸಿಕೊಳ್ಳುತ್ತಿದ್ದ ತತ್ವಜ್ಞಾನಿಗಳಿಗೆ ಅಲ್ಲಿ ಈ ಹೆಸರಿತ್ತಂತೆ. ಓದಿ ಸಂತೋಷವಾಯಿತು. ಇದರಲ್ಲಿ ಮುಖ್ಯವಾದದ್ದು ಆರಿಸುವ ವಿವೇಕ. ಆ ಶಬ್ದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಮಾಹೀರಾಬಿಯವರ ವಿಚಾರ ಮುಂದೆ ನೋಡೋಣ.

ಶಂಭುಲಿಂಗ
ನಿವೃತ್ತ ಮುಖ್ಯೋಪಾಧ್ಯಾಯ

*

ಹಿರೇಕೆರೂರು
20 ಮಾರ್ಚ್ 2024

ಅಣ್ಣಾ,

ತಿದ್ದಿ ಕಳಿಸಿದ ಕಾಗದ ಬಂತು. ಹತ್ತರಲ್ಲಿ ಎಷ್ಟು ಅಂಕ ಎಂದು ಹಾಕುವುದನ್ನು ಮರೆತಿದ್ದೀ.

ಚಿಗವ್ವ ಯಾವಾಗಿನಿಂದ ಮಾಹೀರಾಬಿಯವರಾದಳು?

ಗ್ರೀಕರವರೆಗೆ ಯಾಕೆ ಹೋದೆ? ಅವ್ವನ ಅಭಿರುಚಿಗೆ ನೀನು ಇಟ್ಟ ಹೆಸರು ಕನ್ನಡದಲ್ಲೇ ಇದೆಯಲ್ಲ. 2012ರಲ್ಲಿ ಶಿಗ್ಗಾಂವಿಯ ಕಲ್ಯಾಣ ಮಂಟಪದಲ್ಲಿ, ಚನ್ನೇಶನ ಮದುವೆಯಲ್ಲಿ ಇಟ್ಟದ್ದು. ಮದುಮಕ್ಕಳಿಗೆ ಸುರಗಿಯ ನೀರು ಹಾಕುವಾಗ ಅವ್ವ ಸೋಬಾನೆ ಎತ್ತಿದಳು. ಮೊಮ್ಮಗನ ಮದುವೆಯ ಹಿಗ್ಗು, ಎರಡು ನುಡಿ ಆದಮೇಲೆ ಧಾಟಿ ಮೊಹರಮ್ಮಿನ ಪದಕ್ಕೆ ಹೊರಳಿತು. ತಡಸದ ಬೀಗರ ಕಡೆಯ ಯಾರೋ ನಕ್ಕರು. ನೀನು ಮೈಕಿನವನ ಪಕ್ಕದಿಂದ ಬಂದು, "ಸಾಕ ಮಾಡ ಬೇ ಯವ್ವಾ, ಬೀಗರ ಮುಂದ ನಿನ್ನ ಕಲಸುಮೇಲೋಗರ ಬ್ಯಾಡ" ಅಂದೆ. ಮೈಕು ಚಾಲೂ ಇತ್ತು. ಮಂಟಪದ ತುಂಬ ಕೇಳಿಸಿತು.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಎಂಜಲು ತಾಗಿದವರ ಹಾಗೆ. ಅದಾದ ಮೇಲೆ ಹನ್ನೊಂದು ವರ್ಷ ಅವಳು ಒಂದು ಸಾಲೂ ಹಾಡಲಿಲ್ಲ. ನನ್ನ ಮೊಮ್ಮಗಳ ತೊಟ್ಟಿಲಿಗೂ ಹಾಡಲಿಲ್ಲ. "ನಂದು ಕಲಸುಮೇಲೋಗರ ಐತಿ ತಂಗಿ, ಕೂಸಿಗೆ ಬ್ಯಾಡ" ಅಂದಳು.

ಆ ಶಬ್ದದ ಮೂಲವನ್ನೂ ನನಗೆ ಹೇಳಿದವನು ನೀನೇ. ಓಗರ ಅಂದರೆ ಅನ್ನ, ಊಟ. ಅದಕ್ಕೆ ಹಾಕಿಕೊಳ್ಳುವುದು ಮೇಲೋಗರ. ಕಲಸದೆ ಉಣ್ಣುವುದಾದರೂ ಹೇಗೆ? ಅದರಲ್ಲಿ ಬೈಗುಳ ಎಲ್ಲಿಂದ ಬಂದು ಸೇರಿತು? ನಿಘಂಟಿನಲ್ಲಿ ಅದನ್ನೂ ನೋಡು.

ಆರಿಸುವ ವಿವೇಕದ ಮಾತು ಬರೆದಿದ್ದೀ. ಅವ್ವ ಮೊರದಲ್ಲಿ ಅಕ್ಕಿ ಆರಿಸುವುದನ್ನು ನೋಡಿದ್ದೀಯಲ್ಲ. ಹರಳು ಮಾತ್ರ ತೆಗೆಯುತ್ತಿದ್ದಳು. ನುಚ್ಚನ್ನು ಎಂದೂ ಚೆಲ್ಲಲಿಲ್ಲ, ಅದಕ್ಕೊಂದು ಬೇರೆ ಡಬ್ಬಿ ಇತ್ತು. ಜ್ವರ ಬಂದಾಗ ನಾವಿಬ್ಬರೂ ಉಂಡದ್ದು ಆ ನುಚ್ಚನ್ನೇ. ನೀನು ಹರಳು ಎನ್ನುತ್ತಿರುವುದು ಯಾವುದನ್ನು ಎಂದು ಯೋಚಿಸು.

ಶೀಲಾ

*

ಹಾನಗಲ್
14 ಏಪ್ರಿಲ್ 2024

ಶೀಲಾ,

ಇದನ್ನು ನಿನ್ನ ವೈನಿಗೂ ಹೇಳಿದವನಲ್ಲ. ನೀನು ಮೈಕಿನ ಮಾತು ಎತ್ತಿದ್ದರಿಂದ ಹೇಳುತ್ತಿದ್ದೇನೆ.

ನನ್ನನ್ನು ಓದಲು ಮಠದ ಪ್ರಸಾದ ನಿಲಯಕ್ಕೆ ಸೇರಿಸಿದಾಗ ನನಗೆ ಒಂಬತ್ತು ವರ್ಷ. ಯಾವ ಊರಿನದು ಎಂಬುದು ಬೇಡ. ಸಂಜೆಯ ಪ್ರಾರ್ಥನೆಯಲ್ಲಿ ಹೊಸ ಹುಡುಗರು ಒಂದೊಂದು ಹಾಡು ಹೇಳಬೇಕಿತ್ತು. ಅವ್ವ ಹಾಡುತ್ತಿದ್ದ ಹಾಗೆಯೇ ಹಾಡಿದೆ, ಶಿವನಿಂದ ಶುರುಮಾಡಿ ಇಮಾಮರಲ್ಲಿ ಮುಗಿಸಿದೆ. ಎಲ್ಲ ಹಾಡೂ ಹಾಗೆಯೇ ಮುಗಿಯುತ್ತದೆ ಎಂದುಕೊಂಡಿದ್ದೆ. ನೂರು ಹುಡುಗರು ಒಟ್ಟಿಗೆ ನಕ್ಕರು. ಮೇಲ್ವಿಚಾರಕರು, "ಏನಲೇ ಇದು ಕಲಸುಮೇಲೋಗರ? ಯಾರ ಮನಿಯಾಗ ಹುಟ್ಟೀದಿ?" ಅಂದರು. ಅವತ್ತಿನಿಂದ ನನ್ನ ಹೆಸರೇ ಮೇಲೋಗರ ಆಯಿತು. ಪಂಕ್ತಿಯಲ್ಲಿ ಬಡಿಸುವವನು, "ಮೇಲೋಗರಕ್ಕ ಮೇಲೋಗರ ಯಾಕ?" ಎಂದು ಸೌಟು ಹಿಂದೆ ತೆಗೆಯುತ್ತಿದ್ದ. ಹೀಗೆ ಏಳು ವರ್ಷ ಕಳೆದೆ. ಊರಿಗೆ ಬಂದಾಗಲೆಲ್ಲ ಅವ್ವ ಬೀಸುಕಲ್ಲಿನ ಮುಂದೆ ಕುಳಿತು ಅದನ್ನೇ ಹಾಡುತ್ತಿರುತ್ತಿದ್ದಳು. ನಾನು ಎದ್ದು ಬೀದಿಗೆ ನಡೆಯುತ್ತಿದ್ದೆ.

ಆ ಶಬ್ದದಲ್ಲಿ ಬೈಗುಳ ಎಲ್ಲಿಂದ ಬಂತು ಎಂದು ಕೇಳಿದೆಯಲ್ಲ, ಅಲ್ಲಿಂದ ಬಂತು. ಶಿಗ್ಗಾಂವಿಯಲ್ಲಿ ಬೀಗರು ನಕ್ಕಾಗ ನನಗೆ ಆ ನೂರು ಹುಡುಗರ ನಗೆ ಕೇಳಿಸಿತು.

ಜನ ಕೈಮುಗಿದು ಓದುವಂಥ ಒಬ್ಬ ತಾಯಿ ನನಗೆ ಬೇಕು. ಅರವತ್ತಮೂರು ವರ್ಷಕ್ಕಾದರೂ ಬೇಕು. ಇದು ತಪ್ಪಾದರೆ ತಪ್ಪು. ಮಾಹೀರಾಬಿಯವರ ಹೆಸರು ಪುಸ್ತಕದಲ್ಲಿ ಬರುವುದಿಲ್ಲ. ಮತ್ತೆ ಮತ್ತೆ ಬರೆಯಬೇಡ.

ಶಂಭುಲಿಂಗ

*

ಹಿರೇಕೆರೂರು
9 ಜುಲೈ 2024

ಅಣ್ಣಾ,

ಬರೆಯಬೇಡ ಎಂದಿದ್ದೆ. ಮೂರು ತಿಂಗಳು ಕೈ ಕಟ್ಟಿಕೊಂಡು ಕುಳಿತಿದ್ದೆ. ನಿನ್ನ ಕಾಗದ ಓದಿ ಅತ್ತೆ. ಒಂಬತ್ತು ವರ್ಷದ ಆ ಹುಡುಗನಿಗಾಗಿ ಅತ್ತೆ, ಅವನನ್ನು ನೆಪ ಮಾಡಿಕೊಂಡಿರುವ ಮಾಸ್ತರನಿಗಾಗಿ ಅಲ್ಲ. ಅವರು ನಿನ್ನ ಮುಂದಿನ ಸೌಟು ತೆಗೆದರು, ನೀನು ಅವ್ವನ ಮುಂದಿನದನ್ನು ತೆಗೆದೆ. ಈಗ ಚಿಗವ್ವನ ಸರದಿ.

ಮೊನ್ನೆ ಸವಣೂರಿಗೆ ಹೋಗಿದ್ದೆ. ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮಲಗಿಬಿಟ್ಟಿದ್ದಾಳೆ. ಕೈ ಹಿಡಿದು, "ವೀರವ್ವನ ಹಾಡು ಪುಸ್ತಕ ಆಗಾಕತ್ತಾವಂತ, ಖರೇ ಏನ?" ಅಂದಳು. ಖರೇ ಅಂದೆ. "ಶಂಭು ಮಾಡಾಕತ್ತಾನಂದ್ರ ಹಸನ ಮಾಡತಾನ ಬಿಡ" ಅಂದಳು.

ಶೀಲಾ

*

ಹಾನಗಲ್
24 ನವೆಂಬರ್ 2024

ಚಿ. ಸೌ. ಶೀಲಾಳಿಗೆ ಆಶೀರ್ವಾದಗಳು.

ಬಿಡುಗಡೆಗೆ ನೀನು ಬರಲಿಲ್ಲ. ಕುರ್ಚಿ ಕಾದಿರಿಸಿದ್ದೆ. ಪುಸ್ತಕದ ಎರಡು ಪ್ರತಿ ಕಳಿಸುತ್ತಿದ್ದೇನೆ. ಒಂದು ನಿನಗೆ. ಇನ್ನೊಂದನ್ನು ಯಾರಿಗೆ ಕೊಡಬೇಕು ಎಂದು ನೀನೇ ತಿಳಿದುಕೊ. ನನ್ನಿಂದ ಆಗುವುದು ಇಷ್ಟು.

ಕಾರ್ಯಕ್ರಮ ಚೆನ್ನಾಗಿ ಆಯಿತು. ಸಭಾಭವನ ತುಂಬಿತ್ತು. ಅಕ್ಕಿಆಲೂರಿನಿಂದಲೂ ಜನ ಬಂದಿದ್ದರು. ಮಾತಾಡಿದ ಪ್ರಾಧ್ಯಾಪಕರೊಬ್ಬರು ಲಾಲಿ ಹಾಡನ್ನು ಎತ್ತಿ ಓದಿದರು:

ತೊಟ್ಟಿಲ ಕಟ್ಟೀನಿ ಬೇವಿನ ಟೊಂಗೀಗೆ
ಎಲಿತ್ವಾಟದ ನೆಳ್ಳು ಎರಡ ಮೊಳ ಸರದೈತಿ

"ಎರಡು ಸಾಲಿನ ನಡುವೆ ಎಂಥ ಮೌನ ನೋಡಿ! ಓದು ಬಾರದ ಹೆಣ್ಣುಮಗಳು ಹೇಳದೆ ಬಿಟ್ಟದ್ದರಲ್ಲೇ ಕಾವ್ಯವಿದೆ" ಎಂದರು. ಜನ ಚಪ್ಪಾಳೆ ಹೊಡೆದರು. ನನ್ನ ಕಣ್ಣು ತುಂಬಿದವು. ಅವ್ವ ನನಗಾಗಿ ಹಾಡಿದ ಲಾಲಿ ಅದು, ಅದಕ್ಕೇ ಮೊದಲ ಪುಟದಲ್ಲಿಟ್ಟಿದ್ದೇನೆ.

ನನ್ನ ಸಂಪಾದನೆಯ ಕೆಲಸವನ್ನೂ ಮೆಚ್ಚಿದರು. ನಿನ್ನ ನೋಟುಬುಕ್ಕಿನಲ್ಲಿ ಸಾಲು ಬಿಟ್ಟು ಸಾಲು ಕೆಂಪು ಶಾಯಿ ಇತ್ತಲ್ಲ, ಅವು ಪ್ರಕ್ಷಿಪ್ತ, ಅಂದರೆ ಮೂಲದಲ್ಲಿಲ್ಲದೆ ನಡುವೆ ತುರುಕಿದವು ಎಂದು ಮೊದಲ ನೋಟಕ್ಕೇ ತಿಳಿಯಿತು. ನಿನ್ನ ಸಾಲೆಯ ಯಾವ ಮಾಸ್ತರರೋ ತಿದ್ದಲು ಹೋಗಿ ನಿನ್ನ ಕೈಯಿಂದ ಸೇರಿಸಿರಬೇಕು. ಅಷ್ಟನ್ನೂ ತೆಗೆಸಿದೆ. ಈಗ ಉಳಿದದ್ದು ಅಪ್ಪಟ ಅವ್ವ.

ಓದಿ ಅಭಿಪ್ರಾಯ ಬರೆ. ಇನ್ನಾದರೂ ಸಿಟ್ಟು ಬಿಡು.

ಶಂಭುಲಿಂಗ
ನಿವೃತ್ತ ಮುಖ್ಯೋಪಾಧ್ಯಾಯ

*

ಹಿರೇಕೆರೂರು
15 ಡಿಸೆಂಬರ್ 2024

ಅಣ್ಣಾ,

ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ಕೆಂಪು ಸಾಲುಗಳನ್ನು ಯಾವ ಮಾಸ್ತರೂ ಸೇರಿಸಿಲ್ಲ. ಅವು ಮಾಹೀರಾ ಚಿಗವ್ವನವು. ಬೀಸುಕಲ್ಲನ್ನು ಒಬ್ಬಳು ತನ್ನ ಕಡೆಗೆ ಎಳೆದಾಗ ಒಂದು ಸಾಲು, ಎದುರಿನವಳು ಎಳೆದಾಗ ಅವಳದೊಂದು ಸಾಲು. ಹಾಗೆಯೇ ಆ ಹಾಡುಗಳು ಹುಟ್ಟಿದವು. ಯಾರ ಸಾಲು ಯಾರದು ಎಂದು ಮುಂದೆ ಜಗಳ ಆಗಬಾರದೆಂದು ಹನ್ನೊಂದು ವರ್ಷದ ನಾನು ಅವ್ವನಿಗೆ ನೀಲಿ, ಚಿಗವ್ವನಿಗೆ ಕೆಂಪು ಎಂದು ಹಂಚಿದ್ದೆ. ಇಷ್ಟು ಸರಳವಾದದ್ದನ್ನು ನಿನಗೆ ಬಿಡಿಸಿ ಹೇಳಬೇಕಾದೀತು ಎಂದು ನನಗೆ ಹೊಳೆಯಲೇ ಇಲ್ಲ. ಅದು ನನ್ನ ತಪ್ಪು. ನಾನಾದರೂ ಮರೆತೆ, ಕೆಂಪು ಕಂಡರೆ ನಿನ್ನ ಕಣ್ಣಿಗೆ ತಪ್ಪೇ ಕಾಣುತ್ತದೆ ಎಂಬುದನ್ನು. ಅರವತ್ತು ಹಾಡುಗಳೂ ಈಗ ಅರ್ಧರ್ಧ ಹಾಡುಗಳು. ಪ್ರಾಧ್ಯಾಪಕರು ಹೊಗಳಿದ ಆ ಮೌನದಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು.

ಇನ್ನೊಂದು ಪ್ರತಿ ಯಾರಿಗೆ ಎಂದು ತಿಳಿದೇ ಇತ್ತು. ಹೋದ ಭಾನುವಾರ ಸವಣೂರಿಗೆ ಒಯ್ದೆ. ಅಫ್ಜಲ ಹಾಸಿಗೆಯ ಪಕ್ಕ ಕುಳಿತು ಲಾಲಿಯಿಂದ ಓದತೊಡಗಿದ. ತೊಟ್ಟಿಲ ಕಟ್ಟೀನಿ ಬೇವಿನ ಟೊಂಗೀಗೆ ಎಂದು ಓದಿ ಉಸಿರು ತೆಗೆದುಕೊಂಡ, ಅಷ್ಟರಲ್ಲಿ ಚಿಗವ್ವ ಮಲಗಿದಲ್ಲಿಂದಲೇ ತನ್ನ ಸಾಲು ಎತ್ತಿದಳು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ. ಮುಂದೆ ಓದು ಎಂದು ಸನ್ನೆ ಮಾಡಿದೆ. ಅವನು ಒಂದು ಸಾಲು ಓದಿ ನಿಲ್ಲಿಸುವುದು, ಅವಳು ತನ್ನದು ಹಾಡುವುದು. ಹೀಗೆ ಹದಿನಾಲ್ಕು ಹಾಡುಗಳಾದವು. ಒಂದನ್ನೂ ಮರೆತಿಲ್ಲ. ಸುಸ್ತಾದ ಮೇಲೆ ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು, "ನೋಡ ಶೀಲಾ, ಶಂಭು ಎಷ್ಟು ಶಾಣ್ಯಾ ಅದಾನ. ನಂದು ನಾನ ಹಾಡಲಿ ಅಂತ ನನ್ನ ಜಾಗಾ ಖಾಲಿ ಬಿಟ್ಟಾನ" ಅಂದಳು.

ನಾನು ಏನು ಹೇಳಬೇಕಿತ್ತು? "ಹೌದ ಚಿಗವ್ವ, ನಿನಗಂತನ ಬಿಟ್ಟಾನ" ಅಂದೆ. ಆ ಸುಳ್ಳು ನನ್ನ ಬಾಯಿಂದ ಬಂದಿದೆ, ಹೊರಬೇಕಾದವನು ನೀನು.

ಲಾಲಿಯ ಬಗ್ಗೆ ಒಂದು ಮಾತು. ಹೆತ್ತವಳು ಹಾಡಿನಲ್ಲಿ ತನ್ನ ಕೂಸಿನ ಹೆಸರು ಎತ್ತಿದರೆ ದೃಷ್ಟಿಯಾಗುತ್ತದೆ ಎಂದು ಆ ಇಬ್ಬರೂ ನಂಬಿದ್ದರು. ಅದಕ್ಕೇ ಅಫ್ಜಲನ ಲಾಲಿಯಲ್ಲಿ ಅವನ ಹೆಸರು ಅವ್ವನ ಪಾಲಿಗೆ ಬರುತ್ತಿತ್ತು. ನಿನ್ನದರಲ್ಲಿ ನಿನ್ನ ಹೆಸರು ಯಾರ ಪಾಲಿಗೆ ಬರುತ್ತಿತ್ತು ಎಂದು ನೋಟುಬುಕ್ಕು ತೆಗೆದು ನೋಡು. ಆಮೇಲೆ ನಿನ್ನ ಪುಸ್ತಕದ ಮೊದಲ ಪುಟ ನೋಡು.

ಶೀಲಾ

*

ಹಾನಗಲ್
2 ಫೆಬ್ರುವರಿ 2025

ಶೀಲಾ,

ನೋಡಿದೆ.

ನೋಟುಬುಕ್ಕಿನ ಮೊದಲ ನಾಲ್ಕು ಪುಟ ತಿರುವಿ, ಕೆಂಪು ಬಿಡು ಎಂದು ಟೈಪು ಮಾಡುವ ಹುಡುಗಿಗೆ ಹೇಳಿದ್ದೆ. ಮುಂದೆ ನಾನು ಓದಿದ್ದೆಲ್ಲ ಅವಳು ಟೈಪು ಮಾಡಿ ಕೊಟ್ಟದ್ದನ್ನೇ. ಲಾಲಿ ಇದ್ದದ್ದು ಮೂವತ್ತೊಂದನೆಯ ಪುಟದಲ್ಲಿ. ಈಗ ನಾಲ್ಕೂ ಸಾಲು ಬರೆದುಕೊಂಡೆ.

ತೊಟ್ಟಿಲ ಕಟ್ಟೀನಿ ಬೇವಿನ ಟೊಂಗೀಗೆ
ಶಂಭು ಮಲಗ್ಯಾನ ಗಾಳಿ ಮೆಲ್ಲಕ ಬೀಸ
ಎಲಿತ್ವಾಟದ ನೆಳ್ಳು ಎರಡ ಮೊಳ ಸರದೈತಿ
ಶಂಭು ಎದ್ದರ ನಾನ ಎತ್ತಿಕೊಂಡೇನ

ಐದುನೂರು ಪ್ರತಿ ಅಚ್ಚಾಗಿವೆ. ಮುನ್ನೂರು ಹಂಚಿ ಮುಗಿದಿವೆ.

ನಿನ್ನೆ ಸವಣೂರಿಗೆ ಹೋಗಿದ್ದೆ. ಮಾತಾಡುವುದೇನು ಎಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡಿದ್ದೆ, ತಪ್ಪಾಯಿತು ಎಂಬುದನ್ನು ಮೂರು ರೀತಿಯಲ್ಲಿ. ಅಫ್ಜಲ ಪೇಟೆಗೆ ಹೋಗಿದ್ದ. ಅವನ ಹೆಂಡತಿ, ನನ್ನ ಗುರುತಿಲ್ಲದವಳು, ಒಳಗೆ ಕರೆದು ಕೂರಿಸಿದಳು. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು. ಹೆಜ್ಜೆಯ ಸಪ್ಪಳ ಕೇಳಿ ಚಿಗವ್ವ, "ಯಾರ ಬಂದ್ರವಾ? ಓದಾಕ ಬರೂ ಮಂದಿ ಆಗಿದ್ರ ಒಂದೀಟ ಓದಸ" ಅಂದಳು. ಕಟ್ಟಿಕೊಂಡು ಹೋದ ಮಾತು ಒಂದೂ ಬಾಯಿಗೆ ಬರಲಿಲ್ಲ. ಪುಸ್ತಕ ತೆಗೆದು ಮೊದಲ ಸಾಲು ಓದಿ ನಿಲ್ಲಿಸಿದೆ.

ಅವಳು ತನ್ನ ಸಾಲು ಹಾಡಿದಳು. ನಾನು ಮೂರನೆಯದು ಓದಿದೆ. ಅವಳು ನಾಲ್ಕನೆಯದು ಹಾಡಿದಳು. ದನಿ ಸಣ್ಣಗಾಗಿದೆ, ಆದರೆ ನನ್ನ ಹೆಸರು ಬಂದಲ್ಲಿ ಎರಡೂ ಸಲ ಎತ್ತಿ ಹಾಡಿದಳು.

ಆಮೇಲೆ, "ಛಂದ ಓದತೀರಿ. ಶಂಭೂನ ಸಾಲಿಯವ್ರೇನ್ರಿ?" ಅಂದಳು.

ಹೂಂ ಅಂದೆ.

"ಯಾವಾಗ ಬರತಾನಂತ್ರಿ ಅವಾ?"

"ಬರತಾನ್ರಿ" ಅಂದೆ.

ಹಾಸಿಗೆಯ ಮೇಲೆ ಕೈ ಆಡಿಸಿ ನನ್ನ ಕೈ ಹುಡುಕುತ್ತಿದ್ದಳು. ನಾನು ಎದ್ದು ಹೊರಗೆ ಬಂದೆ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಆ ಕಲ್ಯಾಣ ಮಂಟಪ ದಾರಿಯಲ್ಲೇ ಬರುತ್ತದೆ.

ನಿನ್ನ ಅಣ್ಣ